ಹದಿನೆಂಟು ಉಸಿರು

“ನಂಗೆ ಎಲ್ಲಿ ನೋವು ಅಂತ ಇಟ್ಕೊಳ್ಳೋಣ? ಎದೇಲಾ, ಹೊಟ್ಟೇಲಾ? ಬೇಗ ಹೇಳ್ರೇ. ಮೂರು ಗಂಟೆಗೆ ಪಕ್ಕದ್ಮನೆ ಲೆರಾಯ್ ಚರ್ಚಿಗೆ ಗಾಡಿ ತರ್ತಾನೆ. ಅಷ್ಟರೊಳಗೆ ನಾನು ಸಾಯ್ಬೇಕೋ ಬದುಕ್ಬೇಕೋ ಒಂದು ತೀರ್ಮಾನ ಆಗ್ಲಿ.”

ಸೋಫಾದ ಮೇಲೆ ಅಂಗಾತ ಮಲಗಿ ನನಾನ್ ಗದರಿಸುತ್ತಿದ್ದಳು. ಚರ್ಚಿಗೆ ಹೋಗುವ ಹೂವಿನ ಅಂಗಿ ಹಾಕಿಕೊಂಡು, ಟೋಪಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಎಂಬತ್ತೊಂದು ವರ್ಷದ ಮುದುಕಿ. ಹಿಂದೆ ವರ್ನೆಲ್‌ಗೆ ಜ್ಞಾನಸ್ನಾನ ಮಾಡಿಸಿದ ದಿನ ಕೂಸನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ಇವಳೇ; ‘ನನಾನ್’ ಎಂದರೆ ಅದೇ. ಹೆತ್ತವಳು ಹೋದಮೇಲೆ ಮಗುವನ್ನು ತನ್ನ ಮನೆಗೇ ತಂದಿಟ್ಟುಕೊಂಡಳು. ಆ ಮಗುವಿಗೆ ಈಗ ನಲವತ್ತನಾಲ್ಕು. ಇವತ್ತು ವರ್ನೆಲ್ ಮತ್ತು ಅವಳ ಗೆಳತಿ ಕೊರೀನ್, ಇಬ್ಬರ ನರ್ಸಿಂಗ್ ಓದಿಗಾಗಿ ನನಾನ್ ರೋಗಿಯಾಗಿದ್ದಳು.

“ಎಲ್ಲೂ ನೋವಿಲ್ಲ ನನಾನ್, ನೀವು ಸುಮ್ನೆ ಮಲಗಿ,” ಎಂದು ಕೊರೀನ್ ಮುದುಕಿಯ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು.

ನಾಡಿ ನೋಡುವಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತ ಎಣಿಸಬೇಕು. ಉಸಿರು ಎಣಿಸುತ್ತಿದ್ದೇವೆ ಎಂದು ರೋಗಿಗೆ ಗೊತ್ತಾದರೆ ಉಸಿರಿನ ಓಟವೇ ಬದಲಾಗಿಬಿಡುತ್ತದೆ. ಕಾಲೇಜಿನಲ್ಲಿ ಮಿಸಸ್ ಬ್ರೂಸಾರ್ ಮೊದಲ ವಾರವೇ ಕಲಿಸಿದ ಉಪಾಯ. ನನಾನ್‌ಗೂ ಅದು ಗೊತ್ತು; ಎರಡು ತಿಂಗಳಿಂದ ಪ್ರತಿ ಶನಿವಾರ ರೋಗಿಯಾಗಿ ಮಲಗಿ ಮುದುಕಿ ಅರ್ಧ ನರ್ಸೇ ಆಗಿದ್ದಳು. ಬೇಕೆಂದೇ ಉಸಿರು ಬಿಗಿ ಹಿಡಿದು ಕಣ್ಣು ಮೇಲೆ ಮಾಡಿದಳು.

“ನೋಡೇ ವರ್ನೆಲ್, ನಿನ್ನ ಗೆಳತಿ ಕೈಯಾಗೆ ನಾನು ಸತ್ತೋದೆ.”

“ಸತ್ತೋರು ಮಾತಾಡಲ್ಲ. ಸುಮ್ನಿರು,” ಎಂದಳು ವರ್ನೆಲ್. ಅವಳು ಅಡುಗೆಮನೆಯ ಮೇಜಿನ ಮುಂದೆ, ಕಾಲೇಜಿನವರು ಕೊಟ್ಟ ಹಳೆಯ ಕಂಪ್ಯೂಟರ್ ಹತ್ತಿರ ಕೂತಿದ್ದಳು. ಒಲೆಯ ಮೇಲೆ ಬೆಂಡೆಕಾಯಿ, ಟೊಮ್ಯಾಟೊ, ಹಂದಿಮಾಂಸ ಸಣ್ಣ ಉರಿಯಲ್ಲಿ ಬೇಯುತ್ತಿತ್ತು. ಜುಲೈ ತಿಂಗಳ ಮಧ್ಯಾಹ್ನ. ಕಿಟಕಿಗೆ ಸಿಕ್ಕಿಸಿದ ಏಸಿ ಗೊರಗುಟ್ಟುತ್ತಿತ್ತೇ ಹೊರತು ತಂಪಿನ ಸುಳಿವಿರಲಿಲ್ಲ.

“ಹದಿನಾರು,” ಎಂದು ಕೊರೀನ್ ಮುದುಕಿಯ ಕೈ ಬಿಟ್ಟಳು.

ಸಂಖ್ಯೆ ಯಾವುದೇ ಇರಲಿ, ಉಸಿರಿನ ಲೆಕ್ಕ ಕಿವಿಗೆ ಬಿದ್ದರೆ ಸಾಕು, ವರ್ನೆಲ್ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವಳ ಪಾಡು ಹಾಗೇ ಆಗಿತ್ತು. ಅವಳನ್ನು ಇದುವರೆಗೆ ಯಾರೂ ಕಳ್ಳಿ ಎಂದಿರಲಿಲ್ಲ. ಹೆಗಲು ಮಾತ್ರ ಮೂರು ವರ್ಷದಿಂದ ದಿನಾ ಮುಟ್ಟಿಕೊಳ್ಳುತ್ತಲೇ ಇದ್ದಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬ್ಯಾಟನ್ ರೂಜ್‌ನಲ್ಲಿ ಪ್ರಾಕ್ಟಿಕಲ್ ನರ್ಸ್ ಲೈಸೆನ್ಸಿನ ಪರೀಕ್ಷೆ. ಕೊರೀನ್ ಏಪ್ರಿಲ್‌ನಲ್ಲಿ ಒಮ್ಮೆ ಬರೆದು ಫೇಲಾಗಿದ್ದಳು. ವರ್ನೆಲ್ ಬರೆದೇ ಇರಲಿಲ್ಲ. ಒಮ್ಮೆ ಕಾಲುನೋವು ಎಂದಳು, ಒಮ್ಮೆ ರಜೆ ಸಿಗಲಿಲ್ಲ ಎಂದಳು. ಕೊನೆಗೆ ಕೊರೀನಳೇ ಇಬ್ಬರ ಹೆಸರನ್ನೂ ಒಂದೇ ದಿನಕ್ಕೆ ನೋಂದಾಯಿಸಿ, “ನನ್ನ ಗಾಡೀಲೇ ಹೋಗೋಣ. ಐದೂವರೆಗೆ ಬಾಗಿಲಲ್ಲಿ ಹಾರ್ನ್ ಹೊಡೀತೀನಿ. ಸೀರಿಯಸ್ಸಾಗಿ ಹೇಳ್ತಿದೀನಿ ಕಣೇ, ನೈಟಿ ಹಾಕ್ಕೊಂಡಿದ್ರೆ ನೈಟೀಲೇ ಎತ್ತಾಕ್ಕೊಂಡು ಹೋಗ್ತೀನಿ,” ಎಂದಿದ್ದಳು. ಕೊರೀನ್ ಎಂದರೆ ಹಾಗೆ. ಹದಿನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬಡಿಸಿದ ಹೆಂಗಸು. ಮಾತೂ ದೊಡ್ಡದು, ಕೈಯೂ ದೊಡ್ಡದು.

ಆ ಕೆಲಸ ಬಿಟ್ಟು ಅವಳು ನರ್ಸಿಂಗ್ ಕಲಿಯಲು ಬಂದದ್ದು ಅವಳ ತಾಯಿ ಸತ್ತಮೇಲೆ. ಊರವರೆಲ್ಲ ಮಿಸ್ ಎಡ್ವಿನಾ ಎನ್ನುತ್ತಿದ್ದ ಆ ತಾಯಿ ಇದ್ದದ್ದು ಸೇತುವೆಯಾಚೆಯ ವೃದ್ಧಾಶ್ರಮದಲ್ಲಿ. ವರ್ನೆಲ್ ಅಲ್ಲಿ ಇಪ್ಪತ್ತು ವರ್ಷದಿಂದ ಆಯಾ. ಕಾಲೇಜಿನ ಮೊದಲ ದಿನ ಕೊರೀನ್ ಇವಳನ್ನು ಕಂಡವಳೇ ಬೆಂಚು ದಾಟಿಕೊಂಡು ಬಂದು ಅಪ್ಪಿಕೊಂಡಿದ್ದಳು: “ಅಮ್ಮಂಗೆ ದಿನಾ ಜಡೆ ಹಾಕ್ತಿದ್ದೋಳು ನೀನೇ ಅಲ್ವೇನೇ! ದೇವ್ರೇ ನಿನ್ನ ನನ್ನ ಪಕ್ಕ ಕೂರ್ಸಿದಾನೆ.” ಅವತ್ತು ವರ್ನೆಲ್ ಮನೆಗೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಹೇಳಬೇಕಿದ್ದರೆ ಅವತ್ತೇ ಹೇಳಬೇಕಿತ್ತು. ಅವತ್ತು ಹೇಳಲಿಲ್ಲ, ಆಮೇಲೆ ಹೇಳುವ ದಿನ ಬರಲೇ ಇಲ್ಲ. ಒಟ್ಟಿಗೆ ಊಟ, ಒಟ್ಟಿಗೆ ಓದು, ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಯಲ್ಲಿ. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

“ನಾನು ಎದ್ದೇಳ್ಲಾ, ಇಲ್ಲಾ ಇನ್ನೊಂದ್ಸಲ ಸಾಯ್ಲಾ?” ಎಂದಳು ನನಾನ್.

“ಏಳಿ ಏಳಿ. ಇನ್ನು ಕಂಪ್ಯೂಟರಿನ ರೋಗಿ,” ಎಂದು ಕೊರೀನ್ ಬಂದು ವರ್ನೆಲ್ ಪಕ್ಕ ಕುರ್ಚಿ ಎಳೆದುಕೊಂಡಳು.

ಈಗಿನ ಪರೀಕ್ಷೆ ಬರೀ ನೆನಪಿನ ಪರೀಕ್ಷೆಯಲ್ಲ. ಒಬ್ಬ ರೋಗಿಯನ್ನು ಮುಂದಿಡುತ್ತಾರೆ. ನರ್ಸು ಬರೆದಿಟ್ಟ ನಾಲ್ಕು ಸಾಲು, ಜ್ವರ, ನಾಡಿ, ಉಸಿರಿನ ಪಟ್ಟಿ, ಮನೆಯವರು ಆಡಿದ ಮಾತು, ಎಲ್ಲ ಕಲಸಿ ಕೊಡುತ್ತಾರೆ. ಅದರಲ್ಲಿ ಯಾವುದು ಸುಳಿವು, ಯಾವುದು ಬರೀ ಸದ್ದು, ಯಾವುದಕ್ಕೆ ಮೊದಲು ಓಡಬೇಕು ಎಂದು ವಿವೇಚನೆ ಮಾಡಿ ಹೇಳಬೇಕು. ಒಟ್ಟು ಆರು ಮೆಟ್ಟಿಲು. ಕೊರೀನ್ ಐದು ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿದ್ದಳು. ಎಡವುತ್ತಿದ್ದುದು ಮೊದಲನೆಯದರಲ್ಲಿ, ಸುಳಿವು ಗುರುತಿಸುವಲ್ಲಿ.

ವರ್ನೆಲ್ ಗಟ್ಟಿಯಾಗಿ ಓದಿದಳು: “ಎಂಬತ್ತೆರಡು ವರ್ಷದ ಮಹಿಳೆ, ವೃದ್ಧಾಶ್ರಮದ ನಿವಾಸಿ. ಮಧ್ಯಾಹ್ನ ಅರ್ಧ ಊಟ ಬಿಟ್ಟಿದ್ದಾರೆ. ಹೊದಿಕೆಯ ಅಂಚನ್ನು ಕೀಳುತ್ತಿದ್ದಾರೆ. ಸಂಜೆ ಭೇಟಿಗೆ ಬಂದ ಮಗಳು, ‘ಅಮ್ಮ ಎಂದಿನ ಹಾಗಿಲ್ಲ’ ಎನ್ನುತ್ತಾಳೆ. ಜ್ವರ ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು. ನಾಡಿ ನೂರನಾಲ್ಕು. ಉಸಿರು ಇಪ್ಪತ್ತಾರು. ತಕ್ಷಣ ಗಮನಿಸಬೇಕಾದ ಅಂಶಗಳನ್ನೆಲ್ಲ ಗುರುತಿಸಿ.”

ಯಾರೋ ಕೂತು ಅವಳ ಎದೆ ಬಗೆದು ಬರೆದ ಹಾಗಿತ್ತು. ಆದರೆ ಯಾರೂ ಏನೂ ಬಗೆದಿರಲಿಲ್ಲ. ಲೋಕದ ಎಲ್ಲ ವೃದ್ಧಾಶ್ರಮಗಳಲ್ಲಿ ಮುದುಕಿಯರ ಶ್ವಾಸಕೋಶಕ್ಕೆ ಸೋಂಕು ತಗಲುವುದು ಹೀಗೇ.

ಕೊರೀನ್ ಮೌಸ್ ಹಿಡಿದು ಟಕ್ ಟಕ್ ಒತ್ತಿದಳು. ನಾಡಿ. ಉಸಿರು. ಊಟ. ಹೊದಿಕೆ. ಮಗಳ ಸಾಲಿನ ಮೇಲೆ ಬಾಣದ ಗುರುತು ಒಂದು ಕ್ಷಣ ನಿಂತು, ಮುಂದೆ ಸರಿಯಿತು.

“ಇನ್ನೊಂದು ಬಿಟ್ಟೆ,” ಎಂದಳು ವರ್ನೆಲ್ ಮೆಲ್ಲಗೆ.

“ಇಲ್ಲ. ಇಷ್ಟೇ.”

ಉತ್ತರ ತಪ್ಪು ಎಂದು ಕೆಂಪಗೆ ಬಂತು. ಕೆಳಗೆ ಎರಡು ಸಾಲಿನ ವಿವರಣೆ: ರೋಗಿಯನ್ನು ದಿನವೂ ಬಲ್ಲವರು ಬದಲಾವಣೆ ಕಂಡರೆ ಅದನ್ನು ಎಂದೂ ಕಡೆಗಣಿಸಬೇಡಿ.

“ಮಗಳೇನು ಡಾಕ್ಟ್ರಾ?” ಎಂದು ಕೊರೀನ್ ಮೇಜಿನ ಮೇಲೆ ಕೈ ಅಪ್ಪಳಿಸಿದಳು. “ಎಲ್ಲ ಕೇಸಲ್ಲೂ ಒಬ್ಳು ಮಗಳು, ಒಬ್ಳು ಸೊಸೆ, ಒಬ್ಳು ಹೆಂಡ್ತಿ. ಅವರಿಗೇನು ಗೊತ್ತಾಗುತ್ತೆ? ಪಟ್ಟೀಲಿ ಇರೋದು ನಿಜ. ಬಾಯಲ್ಲಿ ಹೇಳೋದೆಲ್ಲ ಗಾಳಿ.”

“ಹೆತ್ತ ಮಕ್ಕಳಿಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗುತ್ತೇ?” ಎಂದಳು ನನಾನ್, ಟೋಪಿಗೆ ಪಿನ್ನು ಚುಚ್ಚುತ್ತ. “ನನ್ನ ಹಸು ಮೇವು ಬಿಟ್ರೆ ನಂಗೆ ಗೊತ್ತಾಗ್ತಿತ್ತು. ಪಟ್ಟಿ ಯಾರಿಟ್ಟಿದ್ರು?”

ಹೊರಗೆ ಲೆರಾಯ್‌ನ ಹಾರ್ನ್ ಕೇಳಿಸಿತು.

“ಪಾಪನಿವೇದನೆ ಮುಗಿಸಿ, ನಾಲ್ಕರ ಪೂಜೆ ನೋಡ್ಕೊಂಡು ಬರ್ತೀನಿ. ನೀವಿಬ್ರೂ ಬರೋದು ಬೇಡ ಬಿಡಿ. ಓದೋರಿಗೆ ಪಾಪ ಮಾಡೋಕೆ ಪುರುಸೊತ್ತೆಲ್ಲಿ!” ಎಂದು ನಗುತ್ತ ಮುದುಕಿ ಜಾಲರಿ ಬಾಗಿಲು ತೆರೆದು ಮೆಟ್ಟಿಲಿಳಿದಳು. “ಬೆಂಡೆಕಾಯಿ ತಳ ಹತ್ತೀತು, ನೋಡ್ಕೊಳ್ರೇ!”

ವರ್ನೆಲ್ ಎದ್ದು ಹೋಗಿ ಬೆಂಡೆಕಾಯಿ ತಿರುವಿದಳು. ಅವಳೂ ಪಾಪನಿವೇದನೆಗೆ ಹೋದವಳೇ. ಮಿಸ್ ಎಡ್ವಿನಾ ಸತ್ತ ವರ್ಷದ ಈಸ್ಟರಿಗೆ ಮುಂಚೆ, ಪರದೆಯಾಚೆ ಕೂತ ಪಾದ್ರಿಗೆ “ಕೆಲಸದಲ್ಲಿ ಸೋಮಾರಿತನ ಮಾಡಿದೆ ಸ್ವಾಮಿ” ಎಂದಿದ್ದಳು. ಅಷ್ಟೇ ಅಂದದ್ದು. ಪಾದ್ರಿ ಪ್ರಾಯಶ್ಚಿತ್ತಕ್ಕೆ ಮೂರು ಸಲ ‘ನಮೋ ಮರಿಯಾ’ ಜಪ ಹೇಳಿಕೋ ಎಂದರು. ಒಂದು ಜೀವಕ್ಕೆ ಮೂರು ನಮೋ ಮರಿಯಾ! ಹೇಳಿಕೊಂಡಳು. ಏನೂ ಹಗುರಾಗಲಿಲ್ಲ. ದೇವರಿಗೂ ಅರ್ಧ ಸುಳ್ಳು ಹೇಳಿ ಬಂದವಳಿಗೆ ಹಗುರಾಗುವುದಾದರೂ ಹೇಗೆ?

ಸೋಮಾರಿತನವೂ ಅಲ್ಲ ಅದು. ವೃದ್ಧಾಶ್ರಮದ ರೂಢಿ. ಜ್ವರ, ನಾಡಿ, ರಕ್ತದೊತ್ತಡ ಮೂರನ್ನೂ ಯಂತ್ರ ಹೇಳುತ್ತದೆ. ಉಸಿರನ್ನು ಯಂತ್ರ ಹೇಳುವುದಿಲ್ಲ. ಒಂದು ಪೂರಾ ನಿಮಿಷ ಮಂಚದ ಪಕ್ಕ ನಿಂತು ಕಣ್ಣಲ್ಲಿ ಎಣಿಸಬೇಕು. ಇಪ್ಪತ್ತು ಜನಕ್ಕೆ ಇಪ್ಪತ್ತು ನಿಮಿಷ. ಯಾವ ಆಯಾಳ ಹತ್ತಿರ ಅಷ್ಟು ಹೊತ್ತಿರುತ್ತದೆ? ಹೊಸಬಳು ಕೆಲಸಕ್ಕೆ ಸೇರಿದರೆ ಹಳಬರು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದಾಗಿತ್ತು: “ಉಸಿರಾಡ್ತಿದ್ರೆ ಹದಿನೆಂಟು, ಇಲ್ದಿದ್ರೆ ಸೊನ್ನೆ.” ಹೇಳಿ ಕಿಸಕ್ಕನೆ ನಗುತ್ತಿದ್ದರು. ನಿಮಿಷಕ್ಕೆ ಹದಿನೆಂಟು ಎಂದರೆ ಆರೋಗ್ಯವಂತರ ಉಸಿರು, ಯಾರೂ ಪ್ರಶ್ನಿಸುವುದಿಲ್ಲ. ಸಾಲಿನ ಉದ್ದಕ್ಕೂ ಹದಿನೆಂಟು, ಹದಿನೆಂಟು, ಹದಿನೆಂಟು. ಅನುಮಾನ ಬರದಿರಲಿ ಎಂದು ನಡುವೆ ಒಂದೊಂದು ಇಪ್ಪತ್ತು. ವರ್ನೆಲ್ ಹದಿನೇಳು ವರ್ಷ ಹಾಗೇ ಬರೆದಿದ್ದಳು, ಹತ್ತಾರು ಹುಡುಗಿಯರಿಗೆ ಹಾಗೇ ಕಲಿಸಿದ್ದಳು. ಈಗ ಮಾತ್ರ ಒಬ್ಬೊಬ್ಬರ ಮುಂದೆಯೂ ನಿಮಿಷ ನಿಂತು ಎಣಿಸುತ್ತಾಳೆ. ಜೊತೆಯವರು ‘ಗಡಿಯಾರದಮ್ಮ’ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಅವಳು ತಿರುಗಿ ನೋಡಿದಾಗ ಕೊರೀನ್ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ಇದೇನೇ?”

“ನಾನು ಮಂಗಳವಾರ ಬರಲ್ಲ ಕಣೇ.”

“ಹುಚ್ಚು ಹಿಡೀತಾ?”

“ಏಪ್ರಿಲಲ್ಲೂ ಹಿಂಗೇ ಆಯ್ತು. ಮಗಳು ಹೇಳ್ತಾಳೆ ಅನ್ನೋ ಸಾಲು ಬರುತ್ತೆ, ಕೈ ಓಡಲ್ಲ. ಅದನ್ನ ಒತ್ಬೇಕು ಅಂತ ನಂಗೂ ಗೊತ್ತು. ಗೊತ್ತಿಲ್ದೆ ಇಲ್ಲ. ಆದ್ರೆ ಒತ್ತೋಕೆ ಹೋದ್ರೆ ಆ ಡೆಸ್ಕು ಕಣ್ಮುಂದೆ ಬರುತ್ತೆ.” ಕೊರೀನ್ ಕುರ್ಚಿಯ ಮೇಲೆ ಧೊಪ್ಪನೆ ಕೂತಳು. “ನಿಂಗೆ ಹೇಳಿದೀನಲ್ಲ ಅವತ್ತಿಂದು.”

“ಹೇಳಿದೀಯ,” ಎಂದಳು ವರ್ನೆಲ್. ಸೌಟು ಕೈಯಲ್ಲೇ ಇತ್ತು.

ಹೇಳಿದ್ದನ್ನೇ ಕೊರೀನ್ ಮತ್ತೆ ಹೇಳಿದಳು. ಹಳೆಯ ಹಲ್ಲುನೋವನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವ ಹಾಗೆ. “ಮಾರ್ಡಿ ಗ್ರಾ ಹಬ್ಬದ ಹಿಂದಿನ ಭಾನುವಾರ. ಊರೆಲ್ಲ ಕುಣೀತಿತ್ತು. ನಾನು ಐದು ಗಂಟೆಗೆ ಅನ್ನ, ಸಾರು ತಗೊಂಡು ಹೋದೆ. ಅಮ್ಮ ಬಾಯಿ ತಕ್ಕೊಂಡು ಉಸಿರಾಡ್ತಿದ್ಳು. ಸಣ್ಣ ನಾಯಿಮರಿ ಥರ, ಬೇಗ ಬೇಗ. ನಾನು ಡೆಸ್ಕಿಗೆ ಓಡಿ ಹೋಗಿ ಹೇಳ್ದೆ, ‘ಅಮ್ಮ ಸರಿಯಿಲ್ಲ, ಉಸಿರು ಜೋರಾಗಿದೆ, ಬಂದು ನೋಡಿ.’ ಆ ನರ್ಸು ಎದ್ದೇಳ್ಲಿಲ್ಲ. ಕಾಗದ ತಿರುಗ್ಸಿ ನನ್ನ ಮುಂದಿಟ್ಳು. ‘ನಾಲ್ಕು ಗಂಟೆಗೆ ತಾನೇ ನೋಡಿದಾರೆ. ಉಸಿರು ಹದಿನೆಂಟು. ಇದಕ್ಕಿಂತ ಚೆನ್ನಾಗಿ ಇನ್ನೇನಿರ್ಬೇಕು? ನಿಮಗೆ ಗಾಬರಿ ಅಷ್ಟೇ.’ ಕಾಗದ ನೋಡ್ದೆ. ಹದಿನೆಂಟು ಅಂತ ದುಂಡಗೆ ಬರ್ದಿತ್ತು. ನಂಗೇ ನಾಚಿಕೆ ಆಯ್ತು. ಅಮ್ಮನ ಹಣೆಗೆ ಮುತ್ತಿಟ್ಟು ಮನೆಗೆ ಹೋಗಿ ಮಲಗ್ಬಿಟ್ಟೆ ಕಣೇ. ಮಲಗಿ ನಿದ್ದೆನೂ ಮಾಡ್ದೆ! ಬೆಳಿಗ್ಗೆ ಆಸ್ಪತ್ರೆಯಿಂದ ಫೋನು, ಎದೇಲಿ ಸೋಂಕು ಅಂತ ರಾತ್ರಿನೇ ಅಲ್ಲಿಗೆ ಸಾಗ್ಸಿದ್ರಂತೆ. ಹಬ್ಬದ ಮಾರನೇ ದಿನ, ಬೂದಿ ಬುಧವಾರ, ಅಮ್ಮ ಹೋದ್ಳು.”

ಅವಳು ಕಣ್ಣೊರೆಸಿಕೊಂಡಳು. “ಹದಿನೆಂಟು ಇದ್ದದ್ದು ನನ್ನ ಕಣ್ಣಿಗೆ ನಲವತ್ತರ ಹಾಗೆ ಕಾಣ್ಸಿತ್ತು ಅಂದ್ರೆ ನನ್ನ ಕಣ್ಣೇ ಸುಳ್ಳು. ಅಥವಾ ಕಣ್ಣು ನಿಜ, ನಾನೇ ಹೇಡಿ, ಜಗಳ ಆಡ್ದೆ ಬಂದೆ. ಎರಡ್ರಲ್ಲಿ ಯಾವ್ದಾದ್ರೂ ನಾನು ನರ್ಸ್ ಆಗೋಕೆ ಲಾಯಕ್ಕಿಲ್ಲ. ಶಾಲೆಯೋರು ಆಗಸ್ಟಿಗೆ ವಾಪಸ್ ಬಾ ಅಂದಿದಾರೆ. ಅನ್ನ ಬಡಿಸ್ಕೊಂಡಿರ್ತೀನಿ. ಅನ್ನ ಬಡ್ಸಿದ್ರೆ ಯಾರೂ ಸಾಯಲ್ಲ.”

ವರ್ನೆಲ್ ಒಲೆ ಆರಿಸಿದಳು. ಸುಮ್ಮನಿದ್ದರೆ ಇನ್ನು ಐದು ನಿಮಿಷದಲ್ಲಿ ಕೊರೀನ್ ಎದ್ದು ಹೋಗುತ್ತಾಳೆ. ಮಂಗಳವಾರ ತಾನೊಬ್ಬಳೇ ಹೋಗಿ ಬರೆದು, ಪಾಸಾಗಿ, ಅದೇ ಡೆಸ್ಕಿನ ಹಿಂದೆ ಬಿಳಿ ಅಂಗಿ ಹಾಕಿಕೊಂಡು ಕೂರಬಹುದು. ಲೈಸೆನ್ಸ್ ಬಂದ ದಿನವೇ ಕೆಲಸ ಕೊಡುತ್ತೇವೆಂದು ವೃದ್ಧಾಶ್ರಮದವರು ಮಾತು ಕೊಟ್ಟಿದ್ದರು. ಇಪ್ಪತ್ತು ವರ್ಷ ಮಂಚದ ಹಾಸು ಬದಲಿಸಿದವಳಿಗೆ ಒಂದು ಕುರ್ಚಿ. ಹೇಳಿದರೆ? ಕೊರೀನ್ ಒಂದು ಕಾಗದ ಬರೆದು ನರ್ಸಿಂಗ್ ಮಂಡಳಿಗೆ ಹಾಕಿದರೆ ಮುಗಿಯಿತು. ಲೈಸೆನ್ಸಿರಲಿ, ಇರುವ ಆಯಾ ಕೆಲಸವೂ ಹೋಗುತ್ತದೆ. ಈ ಲೆಕ್ಕವನ್ನು ವರ್ನೆಲ್ ಎಷ್ಟು ಸಲ ಹಾಕಿದ್ದಳೆಂದರೆ ಈಗ ಹಾಕುವುದಕ್ಕೆ ಏನೂ ಉಳಿದಿರಲಿಲ್ಲ. ಎದುರಿಗೆ ಕೂತವಳ ದೊಡ್ಡ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅದನ್ನು ನೋಡಲಾಗಲಿಲ್ಲ ಅವಳಿಗೆ.

“ನಿನ್ನ ಕಣ್ಣು ಸುಳ್ಳಲ್ಲ ಕೊರೀನ್.”

“ಸಮಾಧಾನ ಹೇಳ್ಬೇಡ.”

“ಸಮಾಧಾನ ಅಲ್ಲ ಕಣೇ. ಕಾಗದ ಸುಳ್ಳು. ಆ ಹದಿನೆಂಟು ಬರೆದೋಳು ನಾನು.”

ಕೊರೀನ್ ತಲೆಯೆತ್ತಿದಳು. ಇನ್ನೂ ಅರ್ಥವಾಗಿರಲಿಲ್ಲ. “ನೀನು ನೋಡಿದ್ಯಾ ಅಮ್ಮನ್ನ? ನಾಲ್ಕು ಗಂಟೆಗೆ?”

“ನೋಡ್ದೆ. ಜ್ವರ ನೋಡ್ದೆ, ನಾಡಿ ನೋಡ್ದೆ. ಯಂತ್ರ ಹೇಳಿದ್ದು ಬರ್ಕೊಂಡೆ. ದಿಂಬು ಸರಿ ಮಾಡ್ದೆ. ನಿಮ್ಮಮ್ಮ ಏನೋ ಅಂದ್ರು, ಕೇಳಿಸ್ಕೊಳ್ಳೋಕೆ ನಿಲ್ಲಲಿಲ್ಲ. ಉಸಿರು ಎಣಿಸ್ಲಿಲ್ಲ. ಡೆಸ್ಕಿಗೆ ಬಂದು ಎಲ್ಲರಿಗೂ ಒಂದೇ ಸಲ ಬರೆದೆ. ಎಲ್ಲರಿಗೂ ಹದಿನೆಂಟು.”

ಏಸಿ ಗೊರಗುಟ್ಟುತ್ತಿತ್ತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ವರ್ನೆಲ್ ಕಾದಿದ್ದಳು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

“ಎಷ್ಟಿತ್ತು?” ಎಂದಳು ಕೊರೀನ್ ಕೊನೆಗೆ.

“ಏನು?”

“ಅಮ್ಮನ ಉಸಿರು. ನಿಜವಾಗ್ಲೂ ಎಷ್ಟಿತ್ತು?”

“ಗೊತ್ತಿಲ್ಲ ಕೊರೀನ್. ಎಣಿಸಿದ್ರೆ ತಾನೇ ಗೊತ್ತಾಗೋದು.”

ಕೊರೀನ್ ಎದ್ದು ನಿಂತಳು. ನಿಂತವಳು ಎಲ್ಲಿಗೂ ಹೋಗದೆ ಮತ್ತೆ ಕೂತಳು. “ಎರಡು ವರ್ಷ,” ಎಂದಳು. “ಎರಡು ವರ್ಷ ನನ್ನ ಪಕ್ಕ ಕೂತಿದೀಯ. ನಾನು ನಿನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದೀನಿ. ನನ್ನ ಕಣ್ಣು ಸರಿಯಿಲ್ಲ ಅಂತ ನಾನು ಅಳ್ತಿದ್ರೆ ಬೆನ್ನು ಸವರ್ತಾ ಇದ್ಯಲ್ಲೇ. ಹೆಂಗೆ ಮನಸ್ಸು ಬಂತೇ ನಿಂಗೆ?”

“ಅವತ್ತು ಮೂರು ಜನ ಮಾಡೋ ಕೆಲಸಕ್ಕೆ ನಾನೊಬ್ಳೇ ಇದ್ದೆ. ಹಬ್ಬ ಅಂತ ಅವರಿಬ್ರೂ…”

“ನಾನದನ್ನ ಕೇಳ್ಲಿಲ್ಲ.”

“ಹೆದರಿಕೆ ಆಯ್ತು,” ಎಂದಳು ವರ್ನೆಲ್. “ಮೊದಲು ಕೆಲಸ ಹೋಗುತ್ತೆ ಅಂತ ಹೆದರಿಕೆ. ಆಮೇಲೆ ನೀನು ಹೋಗ್ತೀಯ ಅಂತ.”

ಕೊರೀನ್ ಚೀಲದಿಂದ ನೋಟ್‌ಪುಸ್ತಕ ತೆಗೆದಳು. ಒಂದು ಹಾಳೆಯನ್ನು ಅಂಚು ಹರಿಯದಂತೆ ಜೋಪಾನವಾಗಿ ಕಿತ್ತು, ಪೆನ್ನಿನ ಜೊತೆ ವರ್ನೆಲ್ ಮುಂದೆ ಸರಿಸಿದಳು.

“ಬರಿ.”

“ಏನು ಬರೀಲಿ?”

“ತಡವಾದ ನಮೂದು. ಮಿಸಸ್ ಬ್ರೂಸಾರ್ ಕಲಿಸಿದ ಹಾಗೆ. ಅವತ್ತು ನಂಗೆ ಕಾಗದ ತೋರಿಸಿ ಬಾಯಿ ಮುಚ್ಸಿದ್ರು. ಬಾಯಲ್ಲಿ ಹೇಳಿದ್ದು ನಂಗೆ ಬೇಡ. ಕಾಗದಕ್ಕೆ ಕಾಗದವೇ ಬೇಕು.”

ನರ್ಸುಗಳ ದಾಖಲೆಯಲ್ಲಿ ಹಳೆಯದನ್ನು ಅಳಿಸುವಂತಿಲ್ಲ, ಸಾಲುಗಳ ನಡುವೆ ತುರುಕುವಂತಿಲ್ಲ. ಬರೆಯಬೇಕಾದ್ದನ್ನು ಬರೆಯದೆ ಬಿಟ್ಟಿದ್ದರೆ ತಲೆಯ ಮೇಲೆ ‘ತಡವಾದ ನಮೂದು’ ಎಂದು ಹಾಕಿ, ಯಾವ ದಿನದ್ದು ಎಂದು ಹೇಳಿ, ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಇಷ್ಟನ್ನೇ ಬರೆಯಬೇಕು. ಮಿಸಸ್ ಬ್ರೂಸಾರ್ ಇದಕ್ಕೆ ಒಂದು ಗಂಟೆ ಮಿತಿ ಕೊಡುತ್ತಿದ್ದಳು, ಬಹಳವಾದರೆ ಒಂದು ದಿನ. ಮೂರು ವರ್ಷದ್ದನ್ನು ಯಾರೂ ಕಲಿಸಿರಲಿಲ್ಲ.

ವರ್ನೆಲ್ ಪೆನ್ನು ಹಿಡಿದಳು. ತಲೆಬರಹ ಹಾಕಿದಳು. ಆ ಭಾನುವಾರದ ತಾರೀಖು ಹಾಕಿದಳು, ಅದಕ್ಕೆ ಕ್ಯಾಲೆಂಡರ್ ನೋಡಬೇಕಾಗಲಿಲ್ಲ. ಆಮೇಲೆ ಬರೆದಳು: ಅಂದು ಸಿಬ್ಬಂದಿಯ ಕೊರತೆಯಿಂದ ಇಪ್ಪತ್ತೆರಡು ನಿವಾಸಿಗಳಿಗೆ ನಾನೊಬ್ಬಳೇ ಇದ್ದು...

“ನೆಪ ಬರೀಬೇಡ,” ಎಂದಳು ಕೊರೀನ್. ಅವಳು ಎದುರಿನಿಂದ ತಲೆಕೆಳಗಾಗಿಯೇ ಓದುತ್ತಿದ್ದಳು.

ವರ್ನೆಲ್ ಆ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದಳು, ಕೆಳಗಿರುವುದು ಕಾಣುವ ಹಾಗೆ. ಪಕ್ಕದಲ್ಲಿ ತನ್ನ ಹೆಸರಿನ ಎರಡಕ್ಷರ ಹಾಕಿದಳು. ಮತ್ತೆ ಬರೆದಳು: ಶ್ರೀಮತಿ ಎಡ್ವಿನಾ ಫಾಂಟೆನೋ ಅವರ ಸಂಜೆ ನಾಲ್ಕು ಗಂಟೆಯ ಪರಿಶೀಲನೆ ಮಾಡಿದೆ. ಉಸಿರು ಹದಿನೆಂಟು ಎಂದು ಬರೆದೆ. ಎಣಿಸಿರಲಿಲ್ಲ. ಅವರು ಏನೋ ಹೇಳಿದರು. ಕೇಳಿಸಿಕೊಳ್ಳಲಿಲ್ಲ.

ಬರೆದು ಮುಗಿಸಿದಾಗ ನಾಲ್ಕೂವರೆ ಸಾಲಾಗಿತ್ತು. ಮೂರು ವರ್ಷ ಹೊಟ್ಟೆಯಲ್ಲಿ ಅಷ್ಟು ದೊಡ್ಡದಾಗಿ ಬೆಳೆದದ್ದು ಇಷ್ಟೇ ಎಂದು ಅವಳಿಗೆ ನಂಬಲಾಗಲಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು, ಇವತ್ತಿನ ತಾರೀಖು ಹಾಕಿ, ಕಾಗದವನ್ನು ತಿರುಗಿಸಿ ಕೊಟ್ಟಳು.

ಕೊರೀನ್ ಓದಿದಳು. ‘ಅವರು ಏನೋ ಹೇಳಿದರು’ ಎಂಬಲ್ಲಿ ಬೆರಳಿಟ್ಟಳು. ಆಮೇಲೆ ಕಾಗದವನ್ನು ವಾಪಸ್ ಸರಿಸಿದಳು.

“ಸಮಯ ಹಾಕಿಲ್ಲ.”

ವರ್ನೆಲ್ ಗೋಡೆಯ ಗಡಿಯಾರ ನೋಡಿದಳು. ಮೂರು ನಲವತ್ತೊಂದು. ನರ್ಸುಗಳ ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಹದಿನೈದು ಗಂಟೆ ನಲವತ್ತೊಂದು ನಿಮಿಷ ಎಂದು ಬರೆದಳು.

“ಇದನ್ನ ಎಲ್ಲಿಗೆ ಕಳಿಸ್ತೀಯಾ?” ಎಂದು ಕೇಳಿದಳು. ಕೇಳಬಾರದಿತ್ತು ಅನ್ನಿಸಿತು.

“ಗೊತ್ತಿಲ್ಲ.” ಕೊರೀನ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡು ಚೀಲ ಹೆಗಲಿಗೇರಿಸಿದಳು. ಜಾಲರಿ ಬಾಗಿಲ ಹತ್ತಿರ ನಿಂತಳು, ಮುಖ ಹೊರಗಡೆಗೇ ಇತ್ತು. “ಮಂಗಳವಾರ ನಾನು ಹೋಗ್ತೀನಿ. ಬರೀತೀನಿ.”

“ಸಂತೋಷ ಕಣೇ,” ಎಂದಳು ವರ್ನೆಲ್. ನಿಜವಾಗಿಯೂ ಸಂತೋಷವಾಗಿತ್ತು.

“ನೀನು ಬೇರೆ ಗಾಡಿ ನೋಡ್ಕೋ.”

ಬಾಗಿಲು ತಾನಾಗಿ ಬಂದು ಚೌಕಟ್ಟಿಗೆ ಬಡಿಯಿತು. ಮೆಟ್ಟಿಲಿಳಿದ ಸದ್ದು, ಗಾಡಿಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ವರ್ನೆಲ್ ಎಂಜಿನ್ನಿನ ಸದ್ದಿಗಾಗಿ ಕಾದಳು. ಅದು ಬರಲಿಲ್ಲ.

ಜಾಲರಿಯ ಹತ್ತಿರ ಹೋಗಿ ನೋಡಿದಳು. ಬೇಲಿಯ ಪಕ್ಕ, ಒಂದಿಷ್ಟೂ ನೆರಳಿಲ್ಲದಲ್ಲಿ ಗಾಡಿ ನಿಂತಿತ್ತು. ಗಾಜುಗಳು ಏರಿಸಿದ ಹಾಗೇ ಇದ್ದವು. ಒಳಗೆ ಕೊರೀನ್ ಕಾಗದವನ್ನು ಸ್ಟೀರಿಂಗಿನ ಮೇಲೆ ಬಿಡಿಸಿಟ್ಟುಕೊಂಡು ಓದುತ್ತಿದ್ದಳು. ಓದಿ ಮುಗಿಸಿ ಮತ್ತೆ ಮೇಲಿನಿಂದ ಓದುತ್ತಿದ್ದಳು. ಆ ಬಿಸಿಲಲ್ಲಿ, ಗಾಜು ಏರಿಸಿಕೊಂಡು ಮನುಷ್ಯರು ಎಷ್ಟು ಹೊತ್ತು ಕೂರಬಹುದು? ವರ್ನೆಲ್ ಒಳಗೆ ಹೋಗಿ ದೊಡ್ಡ ಲೋಟಕ್ಕೆ ಮಂಜುಗಡ್ಡೆ ಹಾಕಿ ನೀರು ತುಂಬಿಸಿಕೊಂಡು ಬಂದಳು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಬಾಗಿಲ ಚಿಲಕದ ಮೇಲೆ. ಲೋಟದ ಹೊರಮೈ ಬೆವೆತು ನೀರು ಮೊಣಕೈವರೆಗೆ ಇಳಿಯಿತು. ಅವಳು ಬಾಗಿಲ ಒಳಗೇ ನಿಂತಿದ್ದಳು.